ಲೇಬಲ್ ಬದಲಾದರೂ ನೆನಪು ಉಳಿಯಬೇಕು

ನಮಸ್ಕಾರ. ಸ್ವಯಂಚಾಲಿತ ವಾಹನಗಳ ಮಾತು ಬಂದಾಗಲೆಲ್ಲ ಚರ್ಚೆ ಬಹುಬೇಗ ಉಪಕರಣಗಳ ಲೆಕ್ಕಕ್ಕೆ ಇಳಿಯುತ್ತದೆ. ಎಷ್ಟು ಕ್ಯಾಮೆರಾಗಳಿವೆ, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಇದೆಯೇ, ರೇಡಾರ್ ಯಾವ ತಲೆಮಾರಿನದು ಎಂಬ ಪ್ರಶ್ನೆಗಳ ಸುತ್ತಲೇ ವಾದ ತಿರುಗುತ್ತದೆ. ಈ ಪ್ರಶ್ನೆಗಳನ್ನು ಕೇಳಲೇಬಾರದೆಂದು ನಾನು ಹೇಳುವುದಿಲ್ಲ. ಆದರೆ ರಸ್ತೆ ದಾಟುತ್ತಿರುವ ಒಬ್ಬ ವ್ಯಕ್ತಿಯ ಸುರಕ್ಷತೆ ಬಹುಮಟ್ಟಿಗೆ ನಿರ್ಧಾರವಾಗುವುದು ಈ ಉಪಕರಣಗಳ ಹಿಂದೆ ಕುಳಿತಿರುವ ಟ್ರ್ಯಾಕರ್ ಎಂಬ ತಂತ್ರಾಂಶದಲ್ಲಿ. ಆ ಟ್ರ್ಯಾಕರ್ ತಾನು ಕಂಡದ್ದನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ, ಒಂದು ಸೆನ್ಸರ್ ಹೇಳಿದ್ದನ್ನು ಇನ್ನೊಂದು ಒಪ್ಪದಿದ್ದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೇ ನಾವು ಮೊದಲು ಪರೀಕ್ಷಿಸಬೇಕು, ಮತ್ತು ಆ ಪರೀಕ್ಷೆಯ ಫಲಿತಾಂಶ ಸಾರ್ವಜನಿಕರಿಗೆ ತಿಳಿಯಬೇಕು. ಇಂದು ನಾನು ಮಂಡಿಸಲು ಬಂದಿರುವ ವಾದ ಇದು.

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಆರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಊಬರ್ ಸಂಸ್ಥೆಯ ಸ್ವಯಂಚಾಲಿತ ಪರೀಕ್ಷಾ ವಾಹನ ಡಿಕ್ಕಿ ಹೊಡೆದು ಅವರು ಮೃತಪಟ್ಟರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಈ ಅಪಘಾತದ ತನಿಖೆ ನಡೆಸಿ, 2019ರ ನವೆಂಬರ್‌ನಲ್ಲಿ ತನ್ನ ತೀರ್ಮಾನಗಳನ್ನು ಪ್ರಕಟಿಸಿತು. ಅದರಲ್ಲಿ ಸೆಕೆಂಡಿನ ಭಾಗಗಳಲ್ಲಿ ಬರೆದಿಟ್ಟ ಕಾಲಾನುಕ್ರಮವನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಒಮ್ಮೆಯಾದರೂ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ರೇಡಾರ್ ಆಕೆಯನ್ನು ಕಂಡಿತ್ತು. ಆ ವೇಗದಲ್ಲಿ ಅದು ನೂರು ಮೀಟರಿಗೂ ಹೆಚ್ಚಿನ ಅಂತರ. ವ್ಯವಸ್ಥೆ ಆಕೆಗೆ ಮೊದಲು ಕೊಟ್ಟ ಹೆಸರು ‘ವಾಹನ’. 5.2 ಸೆಕೆಂಡ್ ಉಳಿದಿರುವಾಗ ಲೈಡಾರ್ ಕೂಡ ಕಂಡಿತು, ಆದರೆ ಈಗ ಹೆಸರು ‘ಇತರ ವಸ್ತು’ ಎಂದಾಯಿತು. ಅನಂತರ ಅದು ವಾಹನಕ್ಕೂ ಇತರ ವಸ್ತುವಿಗೂ ನಡುವೆ ಹಲವು ಬಾರಿ ಹೊಯ್ದಾಡಿತು, 2.6 ಸೆಕೆಂಡಿನಲ್ಲಿ ‘ಸೈಕಲ್’ ಆಯಿತು, 1.5ರಲ್ಲಿ ಮತ್ತೆ ‘ಇತರ’, 1.2ರಲ್ಲಿ ಮತ್ತೆ ‘ಸೈಕಲ್’. ಹೀಗೆ ಹೆಸರು ಬದಲಾದಾಗಲೆಲ್ಲ ಆ ವಸ್ತು ಅಲ್ಲಿಯವರೆಗೆ ಎಲ್ಲೆಲ್ಲಿತ್ತು ಎಂಬ ಹಳೆಯ ದಾಖಲೆಯನ್ನು ಮುಂದಿನ ಹಾದಿಯ ಲೆಕ್ಕಾಚಾರದಿಂದ ಕೈಬಿಡುವಂತೆ ಆ ತಂತ್ರಾಂಶವನ್ನು ರೂಪಿಸಲಾಗಿತ್ತು. ಆದ್ದರಿಂದ ಒಂದೇ ದಿಕ್ಕಿನಲ್ಲಿ ಒಂದೇ ಸಮನೆ ನಡೆದು ಬರುತ್ತಿದ್ದ ವ್ಯಕ್ತಿ, ವ್ಯವಸ್ಥೆಯ ಪಾಲಿಗೆ ಪ್ರತಿ ಬಾರಿಯೂ ಆಗತಾನೇ ಕಾಣಿಸಿಕೊಂಡ, ಹಿನ್ನೆಲೆಯೇ ಇಲ್ಲದ ಹೊಸ ವಸ್ತುವಾಗಿಬಿಟ್ಟರು. ‘ಇತರ’ ಎಂದಾಗ ಅದು ನಿಂತಲ್ಲೇ ಇದೆಯೆಂದು ಊಹಿಸಲಾಯಿತು. ‘ವಾಹನ’ ಅಥವಾ ‘ಸೈಕಲ್’ ಎಂದಾಗ ಪಕ್ಕದ ಪಥದಲ್ಲಿ ನೇರವಾಗಿ ಸಾಗುವುದೆಂದು ಊಹಿಸಲಾಯಿತು. ಅಡ್ಡವಾಗಿ ದಾಟುತ್ತಿದ್ದಾರೆ ಎಂಬ ಸರಳ ಸತ್ಯ ಈ ಎರಡೂ ಊಹೆಗಳಿಂದ ತಪ್ಪಿಸಿಕೊಂಡಿತು. ಡಿಕ್ಕಿ ಖಚಿತವೆಂದು ತಿಳಿದ ಮೇಲೂ, ಸುಳ್ಳು ಎಚ್ಚರಿಕೆಗಳಿಗೆ ಹೆದರಿ ಅಳವಡಿಸಿದ್ದ ಒಂದು ಸೆಕೆಂಡಿನ ತಡೆ ಬ್ರೇಕಿನ ಕ್ರಮವನ್ನು ಹಿಡಿದಿಟ್ಟಿತು.

ನ್ಯಾಯವಾಗಿ ಹೇಳಬೇಕೆಂದರೆ, ಮಂಡಳಿಯು ಈ ಅಪಘಾತದ ಸಂಭವನೀಯ ಕಾರಣವೆಂದು ಹೆಸರಿಸಿದ್ದು ಮೊಬೈಲಿನತ್ತ ನೋಡುತ್ತಿದ್ದ ವಾಹನ ನಿರ್ವಾಹಕಿಯ ಗಮನಭಂಗವನ್ನು. ಸಂಸ್ಥೆಯ ಸುರಕ್ಷತಾ ಕ್ರಮಗಳ ಕೊರತೆಯನ್ನು ಅದು ಪೂರಕ ಕಾರಣಗಳಲ್ಲಿ ಸೇರಿಸಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಎಂಜಿನಿಯರಿಂಗ್ ದೃಷ್ಟಿಯಿಂದ ನನ್ನನ್ನು ಕಾಡುವ ಸಂಗತಿ ಬೇರೆ. ಇಲ್ಲಿ ನೋಟ ಸೋತಿರಲಿಲ್ಲ. ಎರಡು ಬಗೆಯ ಸೆನ್ಸರ್‌ಗಳು ಆಕೆಯನ್ನು ಐದು ಸೆಕೆಂಡಿಗೂ ಹೆಚ್ಚು ಕಾಲ ಕಾಣುತ್ತಲೇ ಇದ್ದವು. ಇನ್ನೂ ನಾಲ್ಕು ಸೆನ್ಸರ್‌ಗಳನ್ನು ಜೋಡಿಸಿದ್ದರೂ, ಹೆಸರು ಬದಲಾದ ಕೂಡಲೇ ಚರಿತ್ರೆಯನ್ನು ಅಳಿಸುವ ಆ ಒಂದು ವಿನ್ಯಾಸ ನಿರ್ಧಾರ ಅವೆಲ್ಲವನ್ನೂ ನಿಷ್ಫಲ ಮಾಡುತ್ತಿತ್ತು.

ಟ್ರ್ಯಾಕಿಂಗ್ ಎಂಬ ಕೆಲಸದ ಒಳಗನ್ನು ನೋಡಿದರೆ ಇದು ಏಕೆ ಅಷ್ಟು ಗಂಭೀರವೆಂದು ತಿಳಿಯುತ್ತದೆ. ಪ್ರತಿಯೊಂದು ವಸ್ತುವಿಗೂ ವ್ಯವಸ್ಥೆ ಒಂದು ಟ್ರ್ಯಾಕ್ ತೆರೆದು, ಅದರ ಸ್ಥಾನ, ವೇಗ, ಮತ್ತು ಆ ಎರಡರ ಬಗ್ಗೆ ತನಗಿರುವ ಅನಿಶ್ಚಿತತೆಯನ್ನು ಬರೆದಿಡುತ್ತದೆ. ಮುಂದಿನ ಕ್ಷಣದಲ್ಲಿ ಅದು ಎಲ್ಲಿರಬಹುದೆಂದು ಮೊದಲು ಅಂದಾಜಿಸುತ್ತದೆ. ಹೊಸದಾಗಿ ಬಂದ ಅಳತೆಗಳಲ್ಲಿ ಯಾವುದು ಯಾವ ಟ್ರ್ಯಾಕಿಗೆ ಸೇರಿದ್ದೆಂದು ಹೊಂದಿಸುತ್ತದೆ. ಕೊನೆಗೆ ಅಂದಾಜನ್ನೂ ಅಳತೆಯನ್ನೂ ಅವುಗಳ ವಿಶ್ವಾಸಾರ್ಹತೆಗೆ ತಕ್ಕಂತೆ ತೂಗಿ ಟ್ರ್ಯಾಕನ್ನು ತಿದ್ದುತ್ತದೆ. ಅಂದಾಜು ಮತ್ತು ತಿದ್ದುಪಡಿಯ ಈ ಗಣಿತಕ್ಕೆ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಪ್ರಬಂಧವೇ ಬುನಾದಿ. ಅಪೊಲೊ ಚಂದ್ರಯಾನಗಳ ಪಥನಿರ್ಣಯದಲ್ಲಿಯೂ ಅದೇ ವಿಧಾನವನ್ನು ಬಳಸಲಾಯಿತು. ಹೊಂದಿಸುವ ಕೆಲಸಕ್ಕೆ ಇಂದಿಗೂ ಹಲವು ಟ್ರ್ಯಾಕರ್‌ಗಳು ನೆಚ್ಚಿಕೊಂಡಿರುವುದು ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದ ಹಂಗೇರಿಯನ್ ವಿಧಾನವನ್ನು. ಇವುಗಳಲ್ಲಿ ಯಾವುದಕ್ಕೂ ವಸ್ತುವಿನ ಹೆಸರು ಅನಿವಾರ್ಯವಲ್ಲ. ಅದು ಸೈಕಲ್ಲೋ, ಮನುಷ್ಯರೋ ಎಂದು ತಿಳಿಯದೆಯೂ ಅದು ನಮ್ಮ ಹಾದಿಗೆ ಬರುತ್ತಿದೆ ಎಂದು ಹೇಳಲು ಸಾಧ್ಯ. ಹೆಸರು ತಿಳಿದರೆ ಅಂದಾಜು ಇನ್ನಷ್ಟು ಚೊಕ್ಕವಾಗುತ್ತದೆ, ಅಷ್ಟೇ. ಆದ್ದರಿಂದ ಲೇಬಲ್, ಅಂದರೆ ವಸ್ತುವಿಗೆ ಕೊಟ್ಟ ಹೆಸರು, ಟ್ರ್ಯಾಕಿನ ಗುಣಲಕ್ಷಣಗಳಲ್ಲಿ ಒಂದಾಗಿ, ಸಂಭವನೀಯತೆಯ ರೂಪದಲ್ಲಿ ಇರಬೇಕೇ ಹೊರತು, ಟ್ರ್ಯಾಕಿನ ಅಸ್ತಿತ್ವವೇ ಅದರ ಕೈಯಲ್ಲಿರಬಾರದು.

ಬೇರೆಬೇರೆ ಸೆನ್ಸರ್‌ಗಳು ಏಕೆ ಬೇಕು ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಕ್ಯಾಮೆರಾ ದಿಕ್ಕನ್ನು ನಿಖರವಾಗಿ ಹೇಳುತ್ತದೆ, ದೂರವನ್ನು ಊಹಿಸುತ್ತದೆ. 77 ಗಿಗಾಹರ್ಟ್ಸ್ ಸುತ್ತಮುತ್ತ ಕೆಲಸ ಮಾಡುವ ವಾಹನ ರೇಡಾರ್ ದೂರವನ್ನು ಚೆನ್ನಾಗಿ ಅಳೆಯುತ್ತದೆ, ಡಾಪ್ಲರ್ ಪರಿಣಾಮದಿಂದ ವಸ್ತು ನಮ್ಮತ್ತ ಬರುವ ವೇಗವನ್ನು ನೇರವಾಗಿಯೇ ಹೇಳುತ್ತದೆ, ಆದರೆ ದಿಕ್ಕಿನಲ್ಲಿ ಮಂದ. ಒಂದರ ಅನಿಶ್ಚಿತತೆ ಉದ್ದಕ್ಕೆ, ಇನ್ನೊಂದರದು ಅಗಲಕ್ಕೆ ಚಾಚಿಕೊಂಡಿರುವುದರಿಂದ ಎರಡನ್ನೂ ಒಂದರ ಮೇಲೊಂದು ಇಟ್ಟಾಗ ಉಳಿಯುವ ಜಾಗ ತೀರ ಸಣ್ಣದು. ಹೀಗೆ ಹಲವು ಸೆನ್ಸರ್‌ಗಳ ಮಾಹಿತಿಯನ್ನು ಕೂಡಿಸುವ ಸೆನ್ಸರ್ ಫ್ಯೂಷನ್ನಿನ ನಿಜವಾದ ಲಾಭ ಇದು. ಆದರೆ ರೇಡಾರಿಗೆ ರಸ್ತೆಯ ಮೇಲಿನ ಲೋಹದ ಮುಚ್ಚಳವೂ, ತಲೆಯ ಮೇಲಿನ ಫಲಕವೂ, ನಿಂತಿರುವ ಲಾರಿಯೂ ಸುಲಭಕ್ಕೆ ಬೇರೆಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ನಿಂತ ವಸ್ತುಗಳಿಂದ ಬರುವ ಪ್ರತಿಫಲನಗಳನ್ನು ಕಡೆಗಣಿಸುವ ಅಭ್ಯಾಸ ಅನೇಕ ಚಾಲಕ ಸಹಾಯಕ ವ್ಯವಸ್ಥೆಗಳಲ್ಲಿ ಬೆಳೆದುಬಂದಿತು. ಒಂದು ಸೆನ್ಸರ್ ಕೂಗಿ ಹೇಳಿದ್ದನ್ನು ಇನ್ನೊಂದು ಒಪ್ಪಲಿಲ್ಲವೆಂದು ಮೌನವಾಗಿ ತಳ್ಳಿಹಾಕುವ ಸ್ವಭಾವದ ಮೂಲ ಇಲ್ಲಿದೆ.

ಟೆಸ್ಲಾ ಸಂಸ್ಥೆ 2021ರ ಮೇ ತಿಂಗಳಿನಲ್ಲಿ ಉತ್ತರ ಅಮೆರಿಕದ ಮಾರುಕಟ್ಟೆಯ ತನ್ನ ಎರಡು ಮಾದರಿಗಳಿಂದ ರೇಡಾರನ್ನು ಕೈಬಿಟ್ಟಾಗ ಮುಂದಿಟ್ಟ ವಾದವೂ ಇದರ ಸುತ್ತಲೇ ಇತ್ತು: ಎರಡು ಸೆನ್ಸರ್‌ಗಳು ಒಪ್ಪದಿದ್ದರೆ ಯಾವುದನ್ನು ನಂಬಬೇಕು ಎಂಬ ತೊಡಕು. ತೊಡಕು ನಿಜ. ಆದರೆ ಆ ಪರಿಹಾರವನ್ನು ನಾನು ಒಪ್ಪುವುದಿಲ್ಲ. ಭಿನ್ನಾಭಿಪ್ರಾಯವೆಂಬುದು ಸ್ವತಃ ಒಂದು ಮಾಹಿತಿ. ಎರಡು ಸ್ವತಂತ್ರ ಸಾಕ್ಷಿಗಳ ಮಾತು ಹೊಂದದಿರುವುದನ್ನು ಕಂಡ ವ್ಯವಸ್ಥೆಗೆ, ತನಗೆ ಪರಿಸ್ಥಿತಿ ಪೂರ್ತಿ ತಿಳಿದಿಲ್ಲ ಎಂಬ ಅಮೂಲ್ಯ ಅರಿವು ಸಿಗುತ್ತದೆ. ಆಗ ಮಾಡಬೇಕಾದದ್ದು ವೇಗ ತಗ್ಗಿಸುವುದು, ಟ್ರ್ಯಾಕಿನ ಅನಿಶ್ಚಿತತೆಯನ್ನು ಹಿಗ್ಗಿಸುವುದು, ಮುಂದಿನ ಅಳತೆಗಾಗಿ ಎಚ್ಚರದಿಂದ ಕಾಯುವುದು. ಒಬ್ಬ ಸಾಕ್ಷಿಯನ್ನು ಹೊರಗೆ ಕಳಿಸಿದರೆ ವಿರೋಧ ನಿಲ್ಲುತ್ತದೆ, ಅನುಮಾನಕ್ಕೆ ಕಾರಣವಾದ ವಸ್ತು ರಸ್ತೆಯಲ್ಲಿ ಹಾಗೆಯೇ ಇರುತ್ತದೆ.

ಸಾಕ್ಷಿಗಳು ಸ್ವತಂತ್ರವಾಗಿರಬೇಕು ಎಂಬ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ಬಹಳ ಸೂಕ್ಷ್ಮವಾದ ತಪ್ಪುಗಳು ನುಸುಳುತ್ತವೆ. ಕೂಡುರಸ್ತೆಯ ಕಂಬದ ಮೇಲಿನ ಕ್ಯಾಮೆರಾ ಒಂದು ಕಾರನ್ನು ಕಂಡು ಆ ಮಾಹಿತಿಯನ್ನು ಎರಡು ವಾಹನಗಳಿಗೆ ಕಳಿಸಿತೆನ್ನಿ. ಆ ಎರಡೂ ಅದನ್ನು ತಮ್ಮ ಟ್ರ್ಯಾಕಿಗೆ ಸೇರಿಸಿ ಮೂರನೆಯ ವಾಹನಕ್ಕೆ ದಾಟಿಸಿದರೆ, ಆ ಮೂರನೆಯದು ಒಂದೇ ನೋಟವನ್ನು ಎರಡು ಬೇರೆ ಪುರಾವೆಗಳೆಂದು ಎಣಿಸಿ, ಇಲ್ಲದ ನಿಖರತೆಯನ್ನು ತನ್ನಲ್ಲಿ ಕಲ್ಪಿಸಿಕೊಳ್ಳುತ್ತದೆ. ಈ ಅಪಾಯವನ್ನು ತಡೆಯಲು ಸೈಮನ್ ಜೂಲಿಯರ್ ಮತ್ತು ಜೆಫ್ರಿ ಊಲ್ಮನ್ 1997ರಲ್ಲಿ ಕೋವೇರಿಯನ್ಸ್ ಇಂಟರ್‌ಸೆಕ್ಷನ್ ಎಂಬ ವಿಧಾನವನ್ನು ಮುಂದಿಟ್ಟರು. ಮೂಲ ಗೊತ್ತಿಲ್ಲದ ಮಾಹಿತಿಯನ್ನು ಕೂಡಿಸುವಾಗ ಅದು ಬೇಕೆಂದೇ ಸಂಕೋಚದಿಂದ ವರ್ತಿಸುತ್ತದೆ. ವಾಹನಗಳೂ ಕಂಬಗಳೂ ಪರಸ್ಪರ ಮಾತಾಡಲು ತೊಡಗಿರುವ ಈ ಕಾಲದಲ್ಲಿ ಆ ಸಂಕೋಚ ಇನ್ನೂ ಹೆಚ್ಚು ಅಗತ್ಯ.

ಸಮಯ ಮತ್ತು ಕೋನದ ವಿಚಾರವನ್ನು ಲೆಕ್ಕ ಹಾಕಿಯೇ ನೋಡಬೇಕು. ಗಂಟೆಗೆ 72 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 20 ಮೀಟರ್. ಎರಡು ಸೆನ್ಸರ್‌ಗಳ ಗಡಿಯಾರಗಳ ನಡುವೆ 50 ಮಿಲಿಸೆಕೆಂಡ್ ವ್ಯತ್ಯಾಸವಿದ್ದರೆ ಒಂದೇ ಕಾರು ಎರಡು ಜಾಗಗಳಲ್ಲಿ, ಒಂದು ಮೀಟರ್ ಅಂತರದಲ್ಲಿ ಕಾಣಿಸಿಕೊಳ್ಳುತ್ತದೆ. ಗಾಳಿಗೆ ಅಲುಗುವ ಕಂಬದಲ್ಲಿ ಕ್ಯಾಮೆರಾದ ಮುಖ ಅರ್ಧ ಡಿಗ್ರಿ ತಿರುಗಿದರೆ ನೂರು ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್ ತಪ್ಪು. ಅಷ್ಟಾದರೆ ಪಾದಚಾರಿ ಮಾರ್ಗದ ಅಂಚಿನಲ್ಲಿ ನಿಂತವರು ರಸ್ತೆಗೆ ಇಳಿದಂತೆ ಕಾಣಬಹುದು, ಇಳಿದವರು ಅಂಚಿನಲ್ಲಿಯೇ ಇರುವಂತೆಯೂ ಕಾಣಬಹುದು. ಕ್ಯಾಲಿಬ್ರೇಷನ್, ಅಂದರೆ ಸೆನ್ಸರ್‌ಗಳ ಸಮಯ ಮತ್ತು ಕೋನವನ್ನು ಸರಿಹೊಂದಿಸುವುದು, ಅಳವಡಿಸುವ ದಿನ ಮಾಡಿ ಮುಗಿಸುವ ಕೆಲಸವೆಂಬ ಭಾವನೆ ಇನ್ನೂ ಹೋಗಿಲ್ಲ. ಅದು ದಿನವೂ, ತಾನಾಗಿ, ದಾಖಲೆ ಸಹಿತ ನಡೆಯಬೇಕಾದ ಪರಿಶೀಲನೆ.

ಇನ್ನು ಮರೆಯಾಗುವಿಕೆಯ ಪ್ರಶ್ನೆ. ನಿಂತ ಬಸ್ಸಿನ ಹಿಂದೆ ಒಬ್ಬ ಹುಡುಗಿ ಹೋಗುತ್ತಾಳೆ. ಕ್ಯಾಮೆರಾಗೂ ಲೈಡಾರಿಗೂ ಆಕೆ ಕಾಣುವುದಿಲ್ಲ. ಇಂತಿಷ್ಟು ಫ್ರೇಮುಗಳಲ್ಲಿ ಅಳತೆ ಸಿಗದಿದ್ದರೆ ಟ್ರ್ಯಾಕನ್ನು ಮುಚ್ಚಬೇಕೆಂಬ ನಿಯಮ ಹೆಚ್ಚಿನ ಟ್ರ್ಯಾಕರ್‌ಗಳಲ್ಲಿರುತ್ತದೆ. ಬಯಲಿನಲ್ಲಿ ಕಾಣೆಯಾದ ವಸ್ತುವಿಗೆ ಆ ನಿಯಮ ಸರಿ, ಏಕೆಂದರೆ ಅಲ್ಲಿ ಕಾಣದಿರುವುದೇ ಇಲ್ಲದಿರುವುದಕ್ಕೆ ಪುರಾವೆ. ಬಸ್ಸಿನ ಹಿಂದೆ ಹೋದವಳ ವಿಷಯದಲ್ಲಿ ಹಾಗಲ್ಲ. ಅಲ್ಲಿ ಕಾಣದಿರುವುದು ನಾವು ನಿರೀಕ್ಷಿಸಬೇಕಾದದ್ದೇ. ಯಾವ ಜಾಗ ಸೆನ್ಸರಿಗೆ ಕಾಣುತ್ತದೆ, ಯಾವುದು ಮರೆಯಲ್ಲಿದೆ ಎಂಬ ಲೆಕ್ಕವನ್ನು ಟ್ರ್ಯಾಕರ್ ಇಟ್ಟುಕೊಂಡರೆ ಈ ಎರಡು ಸನ್ನಿವೇಶಗಳನ್ನು ಬೇರ್ಪಡಿಸಬಹುದು, ಮತ್ತು ಮರೆಯಲ್ಲಿರುವವರ ಟ್ರ್ಯಾಕನ್ನು ಹಿಗ್ಗುವ ಅನಿಶ್ಚಿತತೆಯೊಂದಿಗೆ ಜೀವಂತವಾಗಿಡಬಹುದು. ಇದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನಾನು ಬಲ್ಲೆ. ಹೆಚ್ಚು ಟ್ರ್ಯಾಕ್‌ಗಳನ್ನು ಉಳಿಸಿಕೊಂಡಷ್ಟೂ ಇಲ್ಲದ ವಸ್ತುವಿಗೆ ಬ್ರೇಕ್ ಹಾಕುವ ಸಂಭವ ಹೆಚ್ಚುತ್ತದೆ, ಹಿಂದಿನಿಂದ ಬರುವ ವಾಹನಕ್ಕೆ ಅದು ಅಪಾಯ. ಆದರೆ ಬಸ್ಸಿನ ಪಕ್ಕದಲ್ಲಿ ಮೊದಲೇ ನಿಧಾನವಾಗಿ ಸಾಗಿದರೆ ಆ ಬೆಲೆಯ ಬಹುಭಾಗ ಇಳಿಯುತ್ತದೆ.

2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನುಷ್ಯ ಚಾಲಕರಿದ್ದ ಕಾರೊಂದು ಪಾದಚಾರಿಗೆ ಗುದ್ದಿ, ಆಕೆ ಕ್ರೂಸ್ ಸಂಸ್ಥೆಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಆ ಕಾರು ಬ್ರೇಕ್ ಹಾಕಿದರೂ ಆಕೆಗೆ ಡಿಕ್ಕಿ ಹೊಡೆದು ನಿಂತಿತು. ಅಲ್ಲಿಯೇ ನಿಂತಿದ್ದರೆ ಒಂದು ಮಾತು. ತನಗೆ ಬದಿಯಿಂದ ಡಿಕ್ಕಿಯಾಗಿದೆಯೆಂದು ತಪ್ಪಾಗಿ ತೀರ್ಮಾನಿಸಿದ ವ್ಯವಸ್ಥೆ, ರಸ್ತೆಯ ಅಂಚಿಗೆ ಸರಿಯಲು ಹೊರಟು, ಕೆಳಗೆ ಸಿಲುಕಿದ್ದ ಆಕೆಯನ್ನು ಸುಮಾರು ಆರು ಮೀಟರ್ ಎಳೆದೊಯ್ದಿತು. ಡಿಕ್ಕಿಗೆ ಮುಂಚೆ ಎದುರಿಗಿದ್ದ ವ್ಯಕ್ತಿ ಈಗ ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಸಿಗುವ ತನಕ ಚಕ್ರ ತಿರುಗಬಾರದು ಎಂಬ ನಿಯಮವನ್ನು ಬರೆಯಲು ಹೊಸ ಸೆನ್ಸರ್ ಏನೂ ಬೇಕಿರಲಿಲ್ಲ.

ಈ ವಿಷಯದಲ್ಲಿ ನಮ್ಮ ಅಳತೆಗೋಲುಗಳೂ ದಾರಿ ತಪ್ಪಿಸುತ್ತವೆ. ಟ್ರ್ಯಾಕರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಅಳೆಯಲು 2008ರಿಂದ ವ್ಯಾಪಕವಾಗಿ ಬಳಕೆಯಲ್ಲಿರುವ ಮೋಟಾ (MOTA) ಎಂಬ ಅಂಕ, ತಪ್ಪಿಹೋದ ವಸ್ತುಗಳು, ಇಲ್ಲದ್ದನ್ನು ಕಂಡದ್ದು, ಗುರುತು ಅದಲುಬದಲಾದದ್ದು, ಈ ಮೂರನ್ನೂ ಒಟ್ಟಿಗೆ ಕೂಡಿಸುತ್ತದೆ. 2020ರಲ್ಲಿ ಬಂದ ಹೋಟಾ (HOTA) ಎಂಬ ಅಂಕ, ಪತ್ತೆಹಚ್ಚುವಿಕೆ ಮತ್ತು ಗುರುತಿನ ನಿರಂತರತೆಗಳನ್ನು ಹೆಚ್ಚು ಸಮತೋಲನದಿಂದ ಅಳೆಯುತ್ತದೆ, ಅದು ಒಳ್ಳೆಯ ಬೆಳವಣಿಗೆ. ಆದರೂ 80 ಮೀಟರ್ ದೂರದಲ್ಲಿ ನಿಲ್ಲಿಸಿದ ಕಾರಿನ ಗುರುತು ತಪ್ಪಿದ್ದೂ, 8 ಮೀಟರ್ ಎದುರಿಗೆ ದಾಟುತ್ತಿರುವವರ ಗುರುತು ತಪ್ಪಿದ್ದೂ ಈ ಅಂಕಗಳ ಕಣ್ಣಿಗೆ ಒಂದೇ. ಪರವಾನಗಿ ಕೊಡುವ ಪ್ರಾಧಿಕಾರಗಳು ಕೇಳಬೇಕಾದದ್ದು, ಡಿಕ್ಕಿಯ ಸಾಧ್ಯತೆಯಿದ್ದ ಹಾದಿಯಲ್ಲಿ ಎಷ್ಟು ಟ್ರ್ಯಾಕ್‌ಗಳು ಮುರಿದವು, ಪ್ರತಿ ಬಾರಿ ಎಷ್ಟು ಹೊತ್ತು ಮುರಿದಿದ್ದವು ಎಂಬ ಲೆಕ್ಕವನ್ನು.

ರಸ್ತೆಬದಿಯ ಸಂಚಾರ ವ್ಯವಸ್ಥೆಗಳಲ್ಲಿ ಇದೇ ಲೋಪ ಇನ್ನೊಂದು ರೂಪದಲ್ಲಿ ಕಾಡುತ್ತದೆ. ಕೂಡುರಸ್ತೆಯ ಕ್ಯಾಮೆರಾ ಮತ್ತು ರೇಡಾರುಗಳ ಟ್ರ್ಯಾಕ್‌ಗಳಿಂದ ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಎಣಿಸುವ ಪದ್ಧತಿಯಿದೆ: ಒಬ್ಬರು ತೆರವು ಮಾಡಿದ ಜಾಗವನ್ನು ಇನ್ನೊಬ್ಬರು ಎಷ್ಟು ಸೆಕೆಂಡಿನಲ್ಲಿ ತಲುಪಿದರು ಎಂದು ಅಳೆದು, ಸಾವುನೋವು ಆಗುವ ಮೊದಲೇ ಅಪಾಯದ ತಾಣಗಳನ್ನು ಗುರುತಿಸುವ ಅತ್ಯಂತ ಉಪಯುಕ್ತ ವಿಧಾನವದು. ಆದರೆ ಟ್ರ್ಯಾಕ್‌ಗಳು ಹೆಚ್ಚು ಮುರಿಯುವುದು ಜನ ಮತ್ತು ವಾಹನ ಒತ್ತಾಗಿ, ಒಬ್ಬರನ್ನೊಬ್ಬರು ಮರೆಮಾಡಿಕೊಂಡು ಸಾಗುವ ಜಾಗಗಳಲ್ಲಿ. ಮುರಿದ ಟ್ರ್ಯಾಕಿನಿಂದ ಈ ಸೆಕೆಂಡುಗಳನ್ನು ಲೆಕ್ಕ ಹಾಕಲಾಗದು. ಹೀಗಾಗಿ ಎಲ್ಲಕ್ಕಿಂತ ಅಪಾಯಕಾರಿಯಾದ ಮೂಲೆ ವರದಿಯಲ್ಲಿ ಎಲ್ಲಕ್ಕಿಂತ ಶಾಂತವಾಗಿ ಕಾಣಬಹುದು, ಮತ್ತು ಸಿಗ್ನಲ್ ಅಥವಾ ದಾಟುದಾರಿಯ ಹಣ ಬೇರೆಡೆಗೆ ಹೋಗಬಹುದು. ಇದಕ್ಕೆ ಮುಖವನ್ನೋ ನಂಬರ್ ಪ್ಲೇಟನ್ನೋ ದಾಖಲಿಸುವ ಅಗತ್ಯವಿಲ್ಲ. ಆ ಕೂಡುರಸ್ತೆಯನ್ನು ದಾಟಿ ಹೋಗುವ ತನಕ ಒಂದು ತಾತ್ಕಾಲಿಕ ಸಂಖ್ಯೆ ಸಾಕು. ಬೇಕಾದದ್ದು, ಎಲ್ಲೆಲ್ಲಿ, ಯಾವ ಕಾರಣಕ್ಕೆ ಟ್ರ್ಯಾಕ್ ಕಡಿದುಹೋಯಿತು ಎಂಬ ಪಟ್ಟಿಯನ್ನು ಪ್ರತಿ ವರದಿಯೊಂದಿಗೆ ಲಗತ್ತಿಸುವುದು. ಟ್ರ್ಯಾಕ್ ಹೆಚ್ಚು ಕಡಿದ ಮೂಲೆಗಳಿಗೆ ಒಬ್ಬ ಎಂಜಿನಿಯರ್ ಸ್ವತಃ ಹೋಗಿ, ದಟ್ಟಣೆಯ ಹೊತ್ತಿನಲ್ಲಿ ನಿಂತು ನೋಡಿದ ಮೇಲೆಯೇ ಅಲ್ಲಿನ ಅಂಕಿಗಳಿಗೆ ಸಹಿ ಬೀಳಬೇಕು.