ಕೋಲಾರದ ನೀರಿಗೆ ಯಾವ ಐಸ್ ಮಷೀನ್?

ಉಗುರಲ್ಲಿ ಕೆರೀತಿದೀನಿ, ಪುಡಿ ಉದುರೋದು ನೋಡಿ. ಇದು ಐಸ್ ಮಷೀನಿನ ಒಳಗಿನ ಪ್ಲೇಟು. ಚೌಕ ಚೌಕ ಗುಳಿ ಇದೆಯಲ್ಲ, ಒಂದೊಂದು ಗುಳೀಲಿ ಒಂದೊಂದು ಐಸ್ ಪೀಸ್ ಕಟ್ಟುತ್ತೆ. ಇವಾಪೊರೇಟರ್ ಅಂತೀವಿ. ಹೊಸದರಲ್ಲಿ ಫಳಫಳ ಅಂತಿರುತ್ತೆ, ಬೆರಳಿಟ್ಟರೆ ಜಾರುತ್ತೆ. ಇದನ್ನ ಮುಟ್ಟಿದ್ರೆ ಉಪ್ಪುಕಾಗದ ಮುಟ್ಟಿದಂಗೆ ಆಗ್ತಿದೆ. ಐಸ್ ಕಟ್ಟುತ್ತೆ, ಆದ್ರೆ ಬೀಳಲ್ಲ. ಪ್ಲೇಟಿಗೇ ಕಚ್ಕೊಂಡು ಕೂತಿರುತ್ತೆ. ಅದಕ್ಕೇ ನನ್ನ ಕರೆಸಿರೋದು.

ನಾನು ಕೋಲಾರದಲ್ಲಿ ಫ್ರಿಜ್, ಎಸಿ, ಕೋಲ್ಡ್ ರೂಮ್ ಕೆಲಸ ಮಾಡೋನು. ಇವತ್ತು ಬಂದಿರೋದು ಮುಳಬಾಗಿಲು ಕಡೆ ಹೋಗೋ ಹೈವೇ ಪಕ್ಕದ ಒಂದು ಹೋಟೆಲಿಗೆ. ಮೇಲೆ ಲಾಡ್ಜು, ಕೆಳಗೆ ಫ್ಯಾಮಿಲಿ ರೆಸ್ಟೋರೆಂಟು, ಹಿಂದೆ ಬಾರು. ಈಗ ಪಾರ್ಟಿ ಹಾಲ್ ಬೇರೆ ಕಟ್ಟಿಸ್ತಿದಾರೆ. ಹಳೇ ಮಷೀನ್ ರಿಪೇರಿ ಮಾಡ್ಬೇಕು, ಹಾಲಿಗೆ ಹೊಸದು ಯಾವುದು ತಗೋಬೇಕು ಅಂತ ಹೇಳ್ಬೇಕು, ಎರಡೂ ಕೆಲಸ. ಮಾಲೀಕರು ಬಾಗಿಲಲ್ಲೇ ಕೇಳಿದ್ರು: "ಯಾವ ಕಂಪ್ನಿದು ಒಳ್ಳೇದಪ್ಪ?" ನಾನು ಕೇಳ್ದೆ, "ಅಣ್ಣ, ನಿಮ್ಮ ನೀರು ಎಲ್ಲಿಂದ ಬರುತ್ತೆ?"

ಯಾಕೆ ಕೇಳ್ದೆ ಅಂತ ಹೇಳ್ತೀನಿ. ಈ ಥರದ ಮಷೀನಲ್ಲಿ ನೀರು ಫ್ರಿಜ್ ಟ್ರೇನಲ್ಲಿ ನಿಂತಂಗೆ ನಿಲ್ಲಲ್ಲ. ಕೆಳಗಿನ ತೊಟ್ಟಿಯಿಂದ ಪಂಪು ನೀರನ್ನ ಮೇಲಕ್ಕೆತ್ತುತ್ತೆ, ತಣ್ಣಗಿರೋ ಪ್ಲೇಟ್ ಮೇಲೆ ತೆಳ್ಳಗೆ ಹರಿಸುತ್ತೆ, ಮತ್ತೆ ತೊಟ್ಟಿಗೆ, ಮತ್ತೆ ಮೇಲಕ್ಕೆ. ಹಂಗೆ ಹರೀತಿರುವಾಗ ಮೊದಲು ಹೆಪ್ಪುಗಟ್ಟೋದು ಬರೀ ನೀರು. ಅದರಲ್ಲಿರೋ ಸುಣ್ಣ, ಉಪ್ಪು ಎಲ್ಲ ತೊಟ್ಟೀಲೇ ಉಳ್ಕೊಳ್ಳುತ್ತೆ. ಅದಕ್ಕೇ ಪೀಸ್ ಗಾಜಿನಷ್ಟು ತಿಳಿಯಾಗಿ ಬರೋದು. ಐಸ್ ದಪ್ಪ ಆದ್ಮೇಲೆ ಒಂದು ವಾಲ್ವ್ ತೆರ್ಕೊಂಡು ಬಿಸಿ ಗ್ಯಾಸ್ ಪ್ಲೇಟ್ ಹಿಂದೆ ಬರುತ್ತೆ, ಅಂಟು ಬಿಟ್ಟು ಇಡೀ ಐಸ್ ಹಲಗೆ ಕೆಳಗೆ ಜಾರುತ್ತೆ. ತೊಟ್ಟೀಲಿ ಉಳಿದ ಗಡಸು ನೀರನ್ನ ಮಷೀನೇ ಆಗಾಗ ಚೆಲ್ಲುತ್ತೆ. ಆದ್ರೆ ಬರೋ ನೀರೇ ಅಷ್ಟು ಗಡಸಾಗಿದ್ರೆ ಎಷ್ಟು ಚೆಲ್ಲಿದ್ರೂ ಸಾಲಲ್ಲ. ಪ್ಲೇಟ್ ಮೇಲೆ ಪೊರೆ ಕಟ್ಟೇ ಕಟ್ಟುತ್ತೆ.

ನಮ್ಮ ಜಿಲ್ಲೆ ನೀರಿನ ಕಥೆ ನಿಮಗೆ ಗೊತ್ತು. ಪಾಲಾರ್ ಅಂತ ಹೆಸರಿಗೆ ನದಿ ಇದೆ, ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಸಾವಿರ ಅಡಿ ದಾಟಿ ಬೋರ್ ಕೊರೆಸಿರೋರು ಊರೂರಲ್ಲಿ ಸಿಗ್ತಾರೆ. ಅಷ್ಟು ಆಳದಿಂದ ಬರೋ ನೀರಲ್ಲಿ ಸುಣ್ಣನೂ ಇರುತ್ತೆ, ಎಷ್ಟೋ ಕಡೆ ಫ್ಲೋರೈಡೂ ಇರುತ್ತೆ. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬಂದು ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ ಅಂತ ರೈತರು ಹೇಳ್ತಾರೆ, ಸಂತೋಷ. ಆದ್ರೆ ಅದು ಬೆಂಗಳೂರಿನ ಕೊಳಚೆ ನೀರನ್ನ ಶುದ್ಧೀಕರಿಸಿ ಕೆರೆಗೆ ಬಿಟ್ಟಿರೋದು, ಬಾಯಿಗೆ ಹೋಗೋ ನೀರಿನ ಲೆಕ್ಕ ಬೇರೆ. ಇಲ್ಲಿ ನಲ್ಲಿಗೆ ಟಿಡಿಎಸ್ ಮೀಟರ್ ಇಟ್ಟಿದೀನಿ ನೋಡಿ, ಒಂದು ಲೀಟರ್ ನೀರಲ್ಲಿ ಉಪ್ಪು, ಸುಣ್ಣ ಎಲ್ಲ ಸೇರಿ ಎಷ್ಟು ಮಿಲಿಗ್ರಾಂ ಕರಗಿದೆ ಅಂತ ಹೇಳುತ್ತೆ, 1,100 ದಾಟ್ತಿದೆ. ಕುಡಿಯೋ ನೀರಿಗೆ ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋ, ಹೇಳೋ ಮಟ್ಟ 500. ಬೇರೆ ಗತಿ ಇಲ್ಲದಿದ್ರೆ 2,000ದವರೆಗೂ ಒಪ್ಪುತ್ತೆ. ಮನುಷ್ಯರಿಗೆ ಆ ವಿನಾಯಿತಿ ಸಿಗಬಹುದು, ಮಷೀನಿಗೆ ಸಿಗಲ್ಲ. ಮೀಟರ್ ಫ್ಲೋರೈಡ್ ಎಷ್ಟು ಅಂತ ಹೇಳಲ್ಲ, ಅದಕ್ಕೆ ಲ್ಯಾಬಿಗೇ ಒಂದು ಬಾಟ್ಲಿ ಕೊಡ್ಬೇಕು. ಲೀಟರಿಗೆ 1.5 ಮಿಲಿಗ್ರಾಂ ಮೇಲಿದ್ರೆ ಆ ನೀರಲ್ಲಿ ಐಸ್ ಮಾಡೋ ಮಾತೇ ಬೇಡ.

ಸರಿ, ಮೊದಲು ಕ್ಲೀನಿಂಗ್. ಇಲ್ಲಿ ಒಂದು ವಿಷ್ಯ ಜೋರಾಗಿ ಹೇಳ್ಬೇಕು. ಬಾತ್‌ರೂಮ್ ಆಸಿಡ್ ಹಾಕ್ಬೇಡಿ! ಎಷ್ಟೋ ಕಡೆ ನೋಡಿದೀನಿ, ಹುಡುಗರು ಬ್ರಷ್ ಹಿಡ್ಕೊಂಡು ಅದನ್ನೇ ಸುರಿದುಬಿಡ್ತಾರೆ. ಸುಣ್ಣ ಹೋಗುತ್ತೆ ನಿಜ, ಜತೆಗೆ ಪ್ಲೇಟಿನ ನಿಕ್ಕಲ್ ಲೇಪನಾನೂ ಎದ್ದು ಹೋಗುತ್ತೆ, ಒಳಗಿನ ತಾಮ್ರ ಕಾಣ್ಸುತ್ತೆ. ಅಲ್ಲಿಗೆ ಪ್ಲೇಟ್ ಮುಗೀತು. ಇಡೀ ಮಷೀನಲ್ಲಿ ಕಂಪ್ರೆಸರ್ ಬಿಟ್ರೆ ದುಬಾರಿ ಪಾರ್ಟೇ ಅದು. ಬ್ಲೇಡಲ್ಲಿ, ಸ್ಟೀಲ್ ಉಜ್ಜೋದರಲ್ಲಿ ಕೆರೆಯೋದೂ ಅಷ್ಟೇ ಕೆಟ್ಟದ್ದು. ಗೀರು ಬಿದ್ದ ಜಾಗದಲ್ಲೇ ಮುಂದಿನ ಸಲ ಸುಣ್ಣ ಮೊದಲು ಕೂರೋದು.

ನಾನು ಹಾಕ್ತಿರೋದು ನಿಕ್ಕಲ್ ಪ್ಲೇಟಿಗೆ ಆಗುತ್ತೆ ಅಂತ ಡಬ್ಬಿ ಮೇಲೆ ಬರೆದಿರೋ ಡಿಸ್ಕೇಲರ್, ಅಂದ್ರೆ ಸುಣ್ಣ ಕರಗಿಸೋ ಸೌಮ್ಯ ಆಸಿಡ್. ಇರೋ ಐಸ್ ಎಲ್ಲ ಖಾಲಿ ಮಾಡಿಸಿದೀನಿ. ಸ್ವಿಚ್ಚನ್ನ ಕ್ಲೀನ್ ಕಡೆ ಹಾಕಿದ್ರೆ ಕೂಲಿಂಗ್ ನಿಲ್ಲುತ್ತೆ, ಪಂಪು ಮಾತ್ರ ಓಡುತ್ತೆ. ಡಬ್ಬಿ ಮೇಲಿನ ಅಳತೆಯಷ್ಟು ತೊಟ್ಟಿಗೆ ಹಾಕ್ದೆ. ಈ ನೊರೆ ನೋಡಿ, ಸುಣ್ಣ ಕರಗ್ತಿರೋ ಗುರುತು. ನೊರೆ ನಿಂತ ಮೇಲೂ ಪೊರೆ ಉಳಿದಿದ್ರೆ ಇನ್ನೊಂದು ಸುತ್ತು. ಆಮೇಲೆ ಒಳ್ಳೇ ನೀರಲ್ಲಿ ಮೂರ್ನಾಲ್ಕು ಸಲ ತೊಳೆದು ಚೆಲ್ಲೋದು.

ಇಷ್ಟಕ್ಕೇ ಮುಗೀತು ಅಂತ ಎಷ್ಟೋ ಮೆಕ್ಯಾನಿಕ್‌ಗಳು ಎದ್ದು ಹೋಗ್ತಾರೆ. ಈ ಪ್ಲಾಸ್ಟಿಕ್ ಪರದೆ ತೆಗೆದು ಹಿಂದೆ ಬೆರಳಾಡಿಸಿ. ಬಂತಾ ಲೋಳೆ? ಸ್ವಲ್ಪ ಗುಲಾಬಿ, ಮೂಲೇಲಿ ಕಪ್ಪು. ಇದು ಸುಣ್ಣ ಅಲ್ಲ, ಜೀವ ಇರೋದು. ಡಿಸ್ಕೇಲರ್‌ಗೆ ಜಗ್ಗಲ್ಲ. ಗಾಳೀಲಿ ತೇಲಿ ಬರೋ ಬೂಷ್ಟು, ಯೀಸ್ಟು, ಬ್ಯಾಕ್ಟೀರಿಯಾ ಎಲ್ಲ ಸೇರಿ ಮಾಡ್ಕೊಂಡಿರೋ ಸಂಸಾರ. ಹುಳಿ ಬರಿಸೋ ಹಿಟ್ಟಿನ ಹತ್ರ ಇದು ಜಾಸ್ತಿ. ಇಲ್ಲಿ ಮಷೀನ್ ಇಟ್ಟಿರೋದು ಎಲ್ಲಿ ಗೊತ್ತಾ? ದೋಸೆ ಹಿಟ್ಟಿನ ಡ್ರಮ್ ಪಕ್ಕದಲ್ಲೇ. ಐಸ್ ತಣ್ಣಗಿರುತ್ತಲ್ಲ, ಕ್ರಿಮಿ ಸಾಯ್ತವೆ ಅಂತ ಅಡುಗೆ ಭಟ್ಟರು ವಾದ ಮಾಡಿದ್ರು. ಸಾಯಲ್ಲ. ಎಷ್ಟೋ ಕ್ರಿಮಿ ಸುಮ್ನೆ ಮಲಗಿರ್ತವೆ, ಗ್ಲಾಸಲ್ಲಿ ಕರಗಿದ ಮೇಲೆ ಏಳ್ತವೆ.

ಲೋಳೆಗೆ ಕ್ಲೋರಿನ್. ಬಿಚ್ಚೋಕಾಗೋ ಭಾಗ ಎಲ್ಲ ಬಿಚ್ಚಿ ಸೋಪಲ್ಲಿ ತೊಳೆದು, ಆಮೇಲೆ ವಾಸನೆ ಹಾಕದ ಸಾದಾ ಬ್ಲೀಚ್ ನೀರಲ್ಲಿ ಅದ್ದೋದು. ಬಾಟ್ಲಿ ಮೇಲೆ ಶೇಕಡ 5 ಅಂತ ಇದ್ರೆ ಒಂದು ಲೀಟರ್ ನೀರಿಗೆ 4 ಎಂಎಲ್ ಸಾಕು, 200 ಪಿಪಿಎಂ ಆಗುತ್ತೆ, ಅಂದ್ರೆ ಹತ್ತು ಲಕ್ಷ ಪಾಲಲ್ಲಿ 200 ಪಾಲು ಕ್ಲೋರಿನ್. ಕೈ ಲೆಕ್ಕದಲ್ಲಿ ಸುರೀಬೇಡಿ. ಇನ್ನೊಂದು, ಡಿಸ್ಕೇಲರ್ ಪೂರ್ತಿ ತೊಳೆದು ಹೋದ ಮೇಲೇ ಬ್ಲೀಚ್. ಆಸಿಡ್ಡೂ ಬ್ಲೀಚೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ. ಬಾಗಿಲು ಮುಚ್ಚಿದ ಅಡುಗೆಮನೇಲಿ ಅದು ಜೀವಕ್ಕೇ ಬರುತ್ತೆ. ಶುರು ಮಾಡಿದ ಮೇಲೆ ಮೊದಲು ಬೀಳೋ ಐಸನ್ನ ಎಸೀಬೇಕು, ಸರ್ವ್ ಮಾಡಂಗಿಲ್ಲ.

ಈಗ ಹೊಸ ಮಷೀನ್ ವಿಚಾರ. ಅಣ್ಣನ ಕೈಲಿ ಒಂದು ಬ್ರೋಷರ್ ಇದೆ, "ದಿನಕ್ಕೆ 100 ಕೆ.ಜಿ." ಅಂತ ದಪ್ಪಕ್ಷರದಲ್ಲಿ. ಅದರ ಕೆಳಗೆ ಇರುವೆ ಗಾತ್ರದಲ್ಲಿ ಏನೋ ಇದೆ, ಝೂಮ್ ಮಾಡ್ತೀನಿ. ಗಾಳಿ 21 ಡಿಗ್ರಿ, ನೀರು 10 ಡಿಗ್ರಿ ಇದ್ದಾಗ. ಏಪ್ರಿಲಲ್ಲಿ ಕೋಲಾರದ ಯಾವ ಅಡುಗೆಮನೇಲಿ 21 ಡಿಗ್ರಿ ಇರುತ್ತೆ, ಹೇಳಿ? ಮಧ್ಯಾಹ್ನ ತಾರಸಿ ಮೇಲಿನ ಕಪ್ಪು ಸಿಂಟೆಕ್ಸಿಂದ ಬರೋ ನೀರಲ್ಲಿ ಕೈ ತೊಳೆಯೋಕೂ ಆಗಲ್ಲ.

ಸ್ಕೂಲಲ್ಲಿ ಓದಿದ್ದೇ ಲೆಕ್ಕ ಹಾಕಿ. ಸೊನ್ನೆ ಡಿಗ್ರಿಗೆ ಬಂದಿರೋ ಒಂದು ಕೆ.ಜಿ. ನೀರನ್ನ ಐಸ್ ಮಾಡೋಕೆ 80 ಕಿಲೋಕ್ಯಾಲರಿ ಶಾಖ ತೆಗೀಬೇಕು. 20 ಡಿಗ್ರಿ ನೀರಾದ್ರೆ ಅದನ್ನ ಸೊನ್ನೆಗೆ ಇಳಿಸೋಕೆ ಇನ್ನೊಂದು 20, ಒಟ್ಟು 100. ನೀರು 35 ಡಿಗ್ರಿ ಇದ್ರೆ 115. ಬರೀ ನೀರು ಬಿಸಿ ಇದ್ದಿದ್ದಕ್ಕೇ ನೂರಕ್ಕೆ ಹದಿನೈದು ಪಾಲು ಕೆಲಸ ಹೆಚ್ಚು. ಅದರ ಮೇಲೆ ಸುತ್ತಲಿನ ಗಾಳಿ ಬಿಸಿ, ಶಾಖ ಹೊರಗೆ ಹಾಕೋ ಕಂಡೆನ್ಸರಿಗೆ ಎಣ್ಣೆ ಜಿಡ್ಡು. ಬೇಸಿಗೇಲಿ ಬ್ರೋಷರ್ ಹೇಳಿದ್ದಕ್ಕಿಂತ ಕಾಲು ಭಾಗ ಕಮ್ಮಿ ಬಂದ್ರೆ ನಂಗೇನೂ ಆಶ್ಚರ್ಯ ಆಗಲ್ಲ. ಟ್ಯಾಂಕಿಗೆ ನೆರಳು ಮಾಡ್ಸಿ, ಪೈಪನ್ನ ಬಿಸಿಲಿಂದ ತಪ್ಪಿಸಿ. ಕರೆಂಟ್ ಬಿಲ್ ಉಳಿಸೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನೊಂದು ಗಮನಿಸಿ. ದಿನಕ್ಕೆ 100 ಕೆ.ಜಿ. ಅಂದ್ರೆ ಗಂಟೆಗೆ ನಾಲ್ಕು ಕೆ.ಜಿ. ಚಿಲ್ಲರೆ. ಪಾರ್ಟಿ ನಡೆಯೋದು ಸಂಜೆ ಏಳರಿಂದ ಹನ್ನೊಂದು. ಆ ನಾಲ್ಕು ಗಂಟೇಲಿ ಮಷೀನ್ ಕೊಡೋದು ಹದಿನೇಳು ಕೆ.ಜಿ., ಮಿಕ್ಕಿದ್ದೆಲ್ಲ ಐಸ್ ಕೂಡಿಡೋ ಡಬ್ಬಾದಲ್ಲಿ ಮೊದಲೇ ತುಂಬಿರ್ಬೇಕು. ಅದಕ್ಕೇ ಪಾರ್ಟಿ ಹಾಲಿಗೆ ಮಷೀನ್ ನೋಡುವಾಗ ಎಷ್ಟು ತಯಾರು ಮಾಡುತ್ತೆ ಅನ್ನೋದಕ್ಕಿಂತ ಡಬ್ಬಾ ಎಷ್ಟು ಹಿಡಿಯುತ್ತೆ ಅಂತ ಮೊದಲು ಕೇಳಿ. ನಿಮಗೆಷ್ಟು ಬೇಕು ಅಂತ ಗೊತ್ತಾಗ್ಬೇಕಾ? ಸೇಲ್ಸ್‌ನೋರು ರೂಮಿಗಿಷ್ಟು, ಸೀಟಿಗಿಷ್ಟು ಅಂತ ಟೇಬಲ್ ತೋರಿಸ್ತಾರೆ. ಅದು ಕೋಲಾ ತುಂಬ ಐಸ್ ಹಾಕ್ಕೊಂಡು ಕುಡಿಯೋ ಊರಿನ ಲೆಕ್ಕ. ನಮ್ಮಲ್ಲಿ "ಐಸ್ ಬೇಡ, ಶೀತ ಆಗುತ್ತೆ" ಅನ್ನೋರೇ ಅರ್ಧ ಜನ. ಈಗ ಹೊರಗಿಂದ ಎಷ್ಟು ಚೀಲ ತರಿಸ್ತಿದೀರೋ ಒಂದು ವಾರ ಗೋಡೆ ಮೇಲೆ ಗೀಟು ಹಾಕಿ, ಅದೂ ಬೇಸಿಗೆ ವಾರಾನೇ. ವರ್ಷಕ್ಕೆ ನಾಲ್ಕು ದೊಡ್ಡ ಮದುವೆ ಬರುತ್ತೆ ಅಂತ ಡಬಲ್ ಮಷೀನ್ ಹಾಕ್ಬೇಡಿ, ಆ ದಿನ ಹೊರಗಿಂದ ತರಿಸಿ.

ತರಿಸುವಾಗ ಮಾತ್ರ ಹುಷಾರು. ಮರದ ಹೊಟ್ಟಿನಲ್ಲಿ ಗೋಣಿಚೀಲ ಸುತ್ತಿ ಬರೋ ಐಸ್ ಗಡ್ಡೆ ಮೀನು ಪೆಟ್ಟಿಗೆಗೆ ಸರಿ, ಜ್ಯೂಸಿಗಲ್ಲ. ತಿನ್ನೋಕೆ ಅಲ್ಲದ ಐಸಿಗೆ ನೀಲಿ ಬಣ್ಣ ಹಾಕ್ಬೇಕು ಅಂತ 2018ರಲ್ಲೇ ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳಿದೆ. ಬೆಳ್ಳಗಿದ್ದ ಮಾತ್ರಕ್ಕೆ ಕುಡಿಯೋ ನೀರಿಂದು ಅಂತ ನಂಬ್ಬೇಡಿ, ಲೈಸೆನ್ಸ್ ನಂಬರ್ ಕೇಳಿ.

ತರಹಗಳ ಬಗ್ಗೆ ಬೇಗ ಹೇಳ್ತೀನಿ. ಬಾರಿಗೆ, ಲೈಮ್ ಸೋಡಾಗೆ ಗಟ್ಟಿ ಕ್ಯೂಬೇ ಬೇಕು, ನಿಧಾನ ಕರಗುತ್ತೆ. ಕಮ್ಮಿ ರೇಟಿನ ಮಷೀನಲ್ಲಿ ಬರೋ ನಡುವೆ ತೂತಿರೋ ಪೀಸು ಮನೆಗೆ ಸಾಕು, ಪೆಗ್ಗಿಗೆ ಹಾಕಿದ್ರೆ ಗಿರಾಕಿ ಎರಡು ಗುಟುಕು ಕುಡಿಯೋಷ್ಟರಲ್ಲಿ ನೀರು. ಫ್ಲೇಕ್ ಅಂದ್ರೆ ತುರಿದಂಗಿರೋದು, ಮೀನು, ಸಲಾಡ್ ಜೋಡಿಸೋಕೆ ಮಾತ್ರ. ನೀರಿಂದ ತಂಪಾಗೋ ಕಂಡೆನ್ಸರ್ ಇರೋ ಮಾಡೆಲ್ ಕೋಲಾರಕ್ಕೆ ಬೇಡವೇ ಬೇಡ, ಬೋರ್ ನೀರನ್ನ ಮೋರಿಗೆ ಹರಿಸಿದಂಗೆ. ಗಾಳೀದೇ ತಗೊಳ್ಳಿ. ಸುತ್ತ ಕಂಪ್ನಿ ಹೇಳಿದಷ್ಟು ಜಾಗ ಬಿಡಿ, ತಂದೂರ್ ಒಲೆಯಿಂದ ದೂರ ಇಡಿ. ಒಳ್ಳೇ ಸ್ಟೆಬಿಲೈಸರ್ ಹಾಕಿ, ಕರೆಂಟ್ ಬಂದ ತಕ್ಷಣ ಕಂಪ್ರೆಸರ್ ಎದ್ದೇಳ್ಬಾರ್ದು, ಮೂರು ನಿಮಿಷ ತಡ ಆಗ್ಲಿ.

ಈಗ ಅಸಲಿ ಖರ್ಚು, ನೀರು. ಅಣ್ಣನ ಹತ್ರ ಬಾಯ್ಲರಿಗೆ ಹಾಕಿಸಿದ ಉಪ್ಪಿನ ಸಾಫ್ಟ್‌ನರ್ ಇದೆ, ಅದರಿಂದಲೇ ಕೊಟ್ರೆ ಹೇಗೆ ಅಂದ್ರು. ಸಾಫ್ಟ್‌ನರ್ ಸುಣ್ಣ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತೆ, ಟಿಡಿಎಸ್ ಅಷ್ಟೇ ಇರುತ್ತೆ, ಫ್ಲೋರೈಡೂ ಹೋಗಲ್ಲ. ಐಸ್ ಮೆತ್ತಗೆ, ಮಬ್ಬಾಗಿ ಬರುತ್ತೆ. 1,100 ಟಿಡಿಎಸ್‌ಗೆ ಆರ್‌ಓ ಒಂದೇ ದಾರಿ. ಅದರಲ್ಲೂ ಒಂದು ಕಿತಾಪತಿ ಇದೆ. ಕೆಲವು ಮಷೀನುಗಳಲ್ಲಿ ಐಸ್ ದಪ್ಪ ಆಯ್ತಾ ಅಂತ ನೋಡೋದು ಈ ಎರಡು ಕಡ್ಡಿ, ನೀರು ತಾಗಿ ಕರೆಂಟ್ ಹರಿದ್ರೆ ಆಯ್ತು ಅಂತ ಲೆಕ್ಕ. ಆರ್‌ಓ ನೀರನ್ನ ತೀರಾ ಸೋಸಿಬಿಟ್ರೆ ಅದರಲ್ಲಿ ಕರೆಂಟ್ ಹರಿಯಲ್ಲ, ಐಸ್ ದಪ್ಪ ಆಗ್ತಾನೇ ಇರುತ್ತೆ, ಉದುರಲ್ಲ. ಮೆಕ್ಯಾನಿಕ್ ಬಂದು ಬೋರ್ಡ್ ಹೋಗಿದೆ ಅಂತಾನೆ! ಆರ್‌ಓದಲ್ಲಿ ಟಿಡಿಎಸ್ ಅಡ್ಜಸ್ಟ್ ಮಾಡೋ ತಿರುಪು ಇರುತ್ತೆ, ಸೋಸದ ನೀರನ್ನ ಸ್ವಲ್ಪ ಬೆರೆಸುತ್ತೆ, ನಾನು 50ರಿಂದ 100ರ ನಡುವೆ ನಿಲ್ಲಿಸ್ತೀನಿ. ಫ್ಲೋರೈಡ್ ಇರೋ ಬೋರಾದ್ರೆ ಹಂಗೆ ಬೆರೆಸಿದ ನೀರನ್ನೂ ಲ್ಯಾಬಲ್ಲಿ ತೋರಿಸಿ.

ಡಬ್ಬಾದ ನೀರು ಹೋಗೋ ಪೈಪನ್ನ ನೇರ ಮೋರಿಗೆ ಸಿಕ್ಕಿಸ್ಬಾರ್ದು. ಮೋರಿಗಿಂತ ಮೇಲೆ ಗಾಳಿ ಆಡೋಷ್ಟು ಜಾಗ ಬಿಟ್ಟು ನಿಲ್ಲಿಸ್ಬೇಕು, ಇಲ್ಲದಿದ್ರೆ ಮೋರಿ ಕಟ್ಟಿದ ದಿನ ಅದೇ ನೀರು ಐಸಿಗೆ ಬರುತ್ತೆ. ಬಾರ್ ಹುಡುಗರಿಗೂ ಹೇಳಿದೀನಿ, ಗ್ಲಾಸಲ್ಲಿ ಐಸ್ ಬಾಚ್ಬೇಡಿ, ಅದಕ್ಕೆ ಬೇರೆ ಚಮಚ ಇದೆ, ಅದನ್ನೂ ಐಸ್ ಒಳಗೆ ಬಿಡ್ಬೇಡಿ. ಡಬ್ಬಾದಲ್ಲಿ ಗ್ಲಾಸ್ ಒಡೀತಾ, ಚೂರು ಹುಡುಕ್ತಾ ಕೂರ್ಬೇಡಿ, ಬಿಸಿನೀರು ಹಾಕಿ ಎಲ್ಲಾ ಕರಗಿಸಿ, ಒರೆಸಿ. ಬಿಯರ್ ಬಾಟ್ಲಿ ಕೂಲ್ ಮಾಡೋಕೂ ಅದು ಜಾಗ ಅಲ್ಲ.

ಆರ್‌ಓ ರೇಟ್ ಹೇಳಿದ ಮೇಲೆ ಅಣ್ಣ ಸ್ವಲ್ಪ ಹೊತ್ತು ಸುಮ್ಮನಾದ್ರು. "ಮಷೀನಿಗೆ ವಾರಂಟಿ ಇದೆಯಲ್ಲಪ್ಪ?" ಅಂದ್ರು. ಕಾರ್ಡ್ ತಿರುಗಿಸಿ ತೋರಿಸ್ದೆ, ಸುಣ್ಣ ಕಟ್ಟಿ ಕೆಟ್ರೆ ವಾರಂಟಿ ಇಲ್ಲ ಅಂತ ಹಿಂದಿನ ಪುಟದಲ್ಲೇ ಇದೆ. ಎಎಂಸಿ, ಅಂದ್ರೆ ವರ್ಷದ ಸರ್ವಿಸ್ ಒಪ್ಪಂದ, ಮಾಡಿಸುವಾಗಲೂ ಡಿಸ್ಕೇಲರ್, ಫಿಲ್ಟರ್ ದುಡ್ಡು ಸೇರಿದೆಯಾ, ಕ್ಲೀನಿಂಗ್ ವರ್ಷಕ್ಕೆ ಎಷ್ಟು ಸಲ ಅಂತ ಬರವಣಿಗೇಲೇ ಹಾಕಿಸ್ಕೊಳ್ಳಿ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಅಂತಾರೆ. ಈ ನೀರಿಗೆ, ಈ ಹಿಟ್ಟಿನ ಡ್ರಮ್ ಪಕ್ಕ, ಮೂರು ತಿಂಗಳಿಗೊಮ್ಮೆ ಮಾಡದಿದ್ರೆ ನಾನು ಮತ್ತೆ ಇಲ್ಲೇ ಕೆರೀತಾ ಕೂತಿರ್ತೀನಿ.

ಕೊನೇಲಿ ಅಣ್ಣ ಕೇಳಿದ್ದು ನಂಗೆ ಹಿಡಿಸ್ತು. "ಆರ್‌ಓ ಬಿಡೋ ವೇಸ್ಟ್ ನೀರು ಏನ್ಮಾಡೋದು? ಸಾವಿರದ ಇನ್ನೂರು ಅಡಿಯಿಂದ ಎತ್ತಿದ ನೀರಪ್ಪ, ಚೆಲ್ಲೋಕೆ ಮನಸ್ಸು ಬರಲ್ಲ." ಲಾಡ್ಜಿನ ಟಾಯ್ಲೆಟ್ ಫ್ಲಶ್ ಟ್ಯಾಂಕಿಗೆ ಬೇರೆ ಪೈಪ್ ಎಳೆಯೋದು ಅಂತ ಆಯ್ತು. ಗಿಡಕ್ಕೆ ಬೇಡ, ಉಪ್ಪು ಜಾಸ್ತಿ. ಪ್ಲಂಬರ್ ಆ ಕೆಲಸ ಮುಗಿಸಿದ ಮೇಲೇ ಮಷೀನ್ ಆರ್ಡರ್.