ಮಳೆಗಾಲಕ್ಕೊಂದು ಗುರಿ, ಸುಗ್ಗಿಗೊಂದು: ಹಿರಿಯರ ನಡಿಗೆಗೆ ಸ್ಮಾರ್ಟ್ ಬ್ಯಾಂಡ್ ಹೊಂದಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಎರಡು ಬಗೆಯವರು ಕೂತಿದ್ದೀರಿ. ಕೈಗೆ ಹೆಜ್ಜೆ ಎಣಿಸುವ ಬ್ಯಾಂಡ್ ಕಟ್ಟಿಸಿಕೊಂಡ ಹಿರಿಯರು, ಅದನ್ನು ತರಿಸಿ ಕಟ್ಟಿದ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಮಾತು ಇಬ್ಬರಿಗೂ. ಇಂಥ ಬ್ಯಾಂಡ್ ಕೆಲವೇ ತಿಂಗಳಲ್ಲಿ ಡ್ರಾಯರ್ ಸೇರುವುದನ್ನು ನೀವೆಲ್ಲ ನೋಡಿದ್ದೀರಿ. ಆಗ ಮನೆಯಲ್ಲಿ ಬೈಸಿಕೊಳ್ಳುವವರು ಹಿರಿಯರು. ಆದರೆ ಪೆಟ್ಟಿಗೆಯಿಂದ ತೆಗೆದಾಗ ಅದರೊಳಗಿರುವ ಗುರಿ, ಅದರ ಎಚ್ಚರಿಕೆಗಳು, ಅದರ ಭಾಷೆ, ಇವುಗಳಲ್ಲಿ ಯಾವುದೂ ಎಪ್ಪತ್ತು ದಾಟಿ, ಪುನರ್ವಸು ಮಳೆ ಹಿಡಿದಾಗ ಜಗಲಿಯಿಂದ ಇಳಿಯಲಾರದವರಿಗೆ ಹೊಂದಿಸಿದ್ದಲ್ಲ. ಆ ಹೊಂದಿಸುವ ಕೆಲಸ ಹೇಗೆ ಎನ್ನುವುದಷ್ಟೇ ಇವತ್ತಿನ ವಿಷಯ.

ಮೊದಲು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಆ ಗುರಿಯನ್ನು ಅಳಿಸಿ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕ ಮಾರುವುದಕ್ಕೆ ಹಿಡಿದ ಸಂಖ್ಯೆ ಅದು. ಈಚೆಗೆ ನಿಜವಾಗಿ ಅಳೆದು ನೋಡಿದವರು ಹೇಳುವುದೇ ಬೇರೆ. 2022ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆ 15 ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆಯನ್ನು ಪ್ರಕಟಿಸಿತು. ಅದರ ಪ್ರಕಾರ 60 ದಾಟಿದವರಲ್ಲಿ ಸಾವಿನ ಅಪಾಯ ಇಳಿಯುತ್ತಾ ಹೋಗಿ, ದಿನಕ್ಕೆ 6,000ದಿಂದ 8,000 ಹೆಜ್ಜೆಯ ಹೊತ್ತಿಗೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸರಾಸರಿ 72 ವರ್ಷದ ಹೆಂಗಸರನ್ನು ನೋಡಿದಾಗ, 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲೇ ಅಪಾಯ ಎದ್ದು ಕಾಣುವಷ್ಟು ಕಡಿಮೆ ಇತ್ತು. ಕಾಯಿಲೆ ಇದ್ದವರು ಹೇಗೂ ಕಡಿಮೆ ನಡೆಯುತ್ತಾರೆ, ಹಾಗಾಗಿ ಇದರ ಪುಣ್ಯವನ್ನೆಲ್ಲ ಹೆಜ್ಜೆಗೇ ಕಟ್ಟುವಂತಿಲ್ಲ. ಆದರೂ ಕಡಿಮೆ ನಡೆಯುವವರು ಸ್ವಲ್ಪ ಜಾಸ್ತಿ ಮಾಡಿದರೇ ಲಾಭ ಹೆಚ್ಚು ಎಂಬುದು ಸ್ಪಷ್ಟ.

ಹಾಗಾದರೆ ಗುರಿ ಎಷ್ಟು? ಮೊದಲ ವಾರ ಗುರಿಯೇ ಬೇಡ. ಎಂದಿನಂತೆ ಇರಿ, ಬ್ಯಾಂಡ್ ಕೈಯಲ್ಲಿರಲಿ, ಅಷ್ಟೆ. ಏಳು ದಿನದ ಹೆಜ್ಜೆ ಕೂಡಿಸಿ ಏಳರಿಂದ ಭಾಗಿಸಿ. 2,300 ಬಂತು ಎನ್ನಿ, 2,800 ಎಂದು ಇಡಿ. ವಾರದಲ್ಲಿ ಐದು ದಿನ ಅದು ಸಲೀಸಾಗಿ ಆಗತೊಡಗಿದ ಮೇಲೆ, ಎರಡು ವಾರ ಅಲ್ಲೇ ನಿಂತು, ಆಮೇಲೆ ಇನ್ನೊಂದು 500. ಮಂಡಿ ನೋವು ಮರುದಿನ ಬೆಳಿಗ್ಗೆಯೂ ಉಳಿದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಗುರಿ ಇಡುವುದು ಬರೀ ಶಾಸ್ತ್ರಕ್ಕಲ್ಲ. 2007ರಲ್ಲಿ ಅಮೆರಿಕದ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರಿಶೀಲನೆಯಲ್ಲಿ, ಹೆಜ್ಜೆಮಾಪಕ ಕಟ್ಟಿದವರು ದಿನಕ್ಕೆ ಸುಮಾರು 2,500 ಹೆಜ್ಜೆ ಹೆಚ್ಚು ನಡೆದರು. ಆದರೆ ಗುರಿ ಕೊಡದೆ ಸುಮ್ಮನೆ ಕಟ್ಟಿಕೊಂಡವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಇನ್ನು ನಮ್ಮ ಮಲೆನಾಡು ಸೀಮೆಯ ಮಾತು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೋಟ, ಅಂಗಳ, ಚಪ್ಪರ ಎಂದು ಓಡಾಡುವವರಿಗೆ ಯಾರೂ ಹೇಳದೆಯೇ ಹೆಜ್ಜೆ ಏರುತ್ತದೆ. ಆಗ ತೆಗೆದ ಸರಾಸರಿಯನ್ನು ಆಗುಂಬೆ, ಹೊಸನಗರದ ಕಡೆಯ ಜುಲೈಗೆ ಹಚ್ಚಿದರೆ ದಿನಾ ಸೋಲು. ದಿನಾ ಸೋತವರು ಬ್ಯಾಂಡ್ ಬಿಚ್ಚಿಡುತ್ತಾರೆ. ಅದಕ್ಕೇ ವರ್ಷಕ್ಕೆ ಎರಡು ಸಲ ಲೆಕ್ಕ ಮಾಡಬೇಕು: ಜೂನ್ ಮೊದಲ ವಾರ ಒಮ್ಮೆ, ಮಳೆ ಬಿಟ್ಟು ನೆಲ ಒಣಗಿದ ಮೇಲೆ ಇನ್ನೊಮ್ಮೆ. ಫೋನಿನಲ್ಲಿರುವ ಬ್ಯಾಂಡಿನ ಆಪ್‌ನಲ್ಲಿ ಗುರಿಯ ಅಂಕಿ ತಿದ್ದುವುದು ಅರ್ಧ ನಿಮಿಷದ ಕೆಲಸ.

ಮಳೆಗಾಲದ ನಡಿಗೆ ಜಗಲಿಯಲ್ಲೇ ಆಗಬೇಕು. ಪಾಚಿ ಕಟ್ಟಿದ ಅಂಗಳಕ್ಕೂ ಕಲ್ಲಿನ ಮೆಟ್ಟಿಲಿಗೂ ಇಳಿದು ಸೊಂಟ ಮುರಿದುಕೊಳ್ಳುವ ಶೌರ್ಯ ಯಾರಿಗೂ ಬೇಡ. 30 ಅಡಿಯ ಜಗಲಿ ಎಂದರೆ ಹಿರಿಯರ ಕಾಲಳತೆಗೆ ಒಂದು ಬದಿಗೆ ಸುಮಾರು 16 ಹೆಜ್ಜೆ. ಹತ್ತು ಸಲ ಹೋಗಿಬಂದರೆ 320. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಹೀಗೆ ತಿರುಗಿದರೆ ಸಕ್ಕರೆ ಕಾಯಿಲೆ ಇರುವವರಿಗೆ ಊಟದ ನಂತರ ಏರುವ ಸಕ್ಕರೆಗೂ ಕಡಿವಾಣ. ತುದಿಯಲ್ಲಿ ಗಕ್ಕನೆ ತಿರುಗಬೇಡಿ, ತಲೆ ಸುತ್ತುತ್ತದೆ. ಅಗಲವಾಗಿ ಸುತ್ತು ಹಾಕಿ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಇದಕ್ಕೆ ಇನ್ನೂ ಒಂದು ಕಾರಣ ಇದೆ. ಎಷ್ಟೋ ಬ್ಯಾಂಡ್‌ಗಳು ಎಂಟು ಹತ್ತು ಹೆಜ್ಜೆ ಒಂದೇ ಸಮ ಬಿದ್ದ ಮೇಲೆಯೇ ಅದನ್ನು ನಡಿಗೆ ಎಂದು ಒಪ್ಪುತ್ತವೆ. ಚಿಕ್ಕ ಕೋಣೆಯಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಂತು ತಿರುಗಿದರೆ ನಡೆದದ್ದೂ ಲೆಕ್ಕಕ್ಕೆ ಸಿಗುವುದಿಲ್ಲ.

ಲೆಕ್ಕ ತಪ್ಪುವ ವಿಚಾರ ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಡ್ ನಿಮ್ಮ ಕಾಲನ್ನು ನೋಡುವುದಿಲ್ಲ. ಅದರೊಳಗಿನ ಆಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್ ಕೈಯ ಅಲುಗಾಟವನ್ನು ಮೂರು ದಿಕ್ಕಿನಲ್ಲಿ ಅಳೆಯುತ್ತದೆ. ಆ ಅಲುಗಾಟದಲ್ಲಿ ನಡಿಗೆಯ ಲಯ ಕಂಡರೆ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಈಗ ಕೊಡೆ ಹಿಡಿದ ಕೈಗೆ ಬ್ಯಾಂಡ್ ಕಟ್ಟಿದ್ದೀರಿ ಎನ್ನಿ. ಕೈ ಎದೆಯ ಮುಂದೆ ಕದಲದೆ ನಿಂತಿದೆ. ತೀರ್ಥಹಳ್ಳಿ ಪೇಟೆಯನ್ನು ಪೂರ್ತಿ ಸುತ್ತಿ ಬಂದರೂ ಅಂಕಿ ಬಹಳ ಕಡಿಮೆ ಬಿದ್ದಿರುತ್ತದೆ. ಕೊಡೆ ಒಂದು ಕೈಗೆ, ಬ್ಯಾಂಡ್ ಇನ್ನೊಂದು ಕೈಗೆ. ಊರುಗೋಲು ಹಿಡಿಯುವವರಿಗೂ ಇದೇ ನಿಯಮ. ವಾಕರ್ ಹಿಡಿದವರಿಗೆ ಎರಡು ಕೈಯೂ ಕಟ್ಟಿಹಾಕಿದಂತೆ, ಅವರು ಬ್ಯಾಂಡನ್ನು ಕಣಕಾಲಿಗೆ, ಕಾಲುಚೀಲದ ಮೇಲೆ ಕಟ್ಟಲಿ. ತೀರಾ ನಿಧಾನ ನಡೆಯುವವರಿಗೂ ಕಣಕಾಲೇ ಸರಿ. ಅಲ್ಲಿ ನಾಡಿ ಬಡಿತ ಸರಿಯಾಗಿ ಸಿಗದು, ಸಿಗದಿದ್ದರೆ ಬಿಡಿ. ಇದಕ್ಕೆ ಉಲ್ಟಾ ತಪ್ಪೂ ಇದೆ. ಮೆಟ್ಟುಗತ್ತಿ ಮುಂದೆ ಕೂತು ಒಂದೇ ಸಮ ಅಡಿಕೆ ಸುಲಿದರೆ, ಮಜ್ಜಿಗೆ ಕಡೆದರೆ, ಘಾಟಿ ರಸ್ತೆಯಲ್ಲಿ ಬಸ್ಸು ಕುಲುಕಿದರೆ, ಕೂತಲ್ಲೇ ಹೆಜ್ಜೆ ಏರಬಹುದು.

ನಿಮ್ಮ ಬ್ಯಾಂಡ್ ಎಷ್ಟು ಪ್ರಾಮಾಣಿಕ ಎಂದು ತಿಳಿಯಲು ಹೀಗೆ ಮಾಡಿ. ಅಂಕಿ ನೋಡಿಕೊಳ್ಳಿ, ಮನಸ್ಸಿನಲ್ಲಿ ಎಣಿಸುತ್ತಾ ಸರಿಯಾಗಿ 100 ಹೆಜ್ಜೆ ನಡೆಯಿರಿ, ಅರ್ಧ ನಿಮಿಷ ನಿಂತು ಮತ್ತೆ ನೋಡಿ. 90ರಿಂದ 110ರ ಒಳಗೆ ಬಂದರೆ ಧಾರಾಳ ಸಾಕು. 60 ಬಂದರೆ ಕಟ್ಟುವ ಜಾಗ ಬದಲಿಸಿ. ಬ್ಯಾಂಡ್ ಇಲ್ಲದವರು ಫೋನನ್ನೇ ಪ್ಯಾಂಟಿನ ಜೇಬಿನಲ್ಲೋ ಸೊಂಟದ ಚೀಲದಲ್ಲೋ ಇಟ್ಟು ಇದೇ ಪರೀಕ್ಷೆ ಮಾಡಬಹುದು, ಹೆಜ್ಜೆ ಎಣಿಸುವ ಶಕ್ತಿ ಅದಕ್ಕೂ ಇದೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಫೋನನ್ನು ಅಂಗಿಯ ಎದೆ ಜೇಬಿನಲ್ಲಿ ಇಡಬಾರದು. 15 ಸೆಂಟಿಮೀಟರ್ ಅಂತರ ಇರಲಿ.

ಹೆಜ್ಜೆಯೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಬಿರುಸಿನ ಚಟುವಟಿಕೆಯ ಜೊತೆಗೆ, ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ ಇರಬೇಕು ಎಂದಿದೆ. ಬೀಳುವುದನ್ನು ತಪ್ಪಿಸುವುದು ಈ ಎರಡನೆಯದು. ನಮ್ಮ ಅಭಿಪ್ರಾಯದಲ್ಲಿ ಹಿರಿಯರಿಗೆ ಹೆಜ್ಜೆಗಿಂತ ಇದೇ ಮುಖ್ಯ, ಆದರೆ ಬ್ಯಾಂಡ್‌ಗೆ ಇದು ಕಾಣುವುದೇ ಇಲ್ಲ. ಕಾಲಿನ ಬಲ ಎಷ್ಟಿದೆ ಎಂದು ತಿಳಿಯಲು, ಕೈಯಿಲ್ಲದ, 17 ಇಂಚು ಎತ್ತರದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ. ಫೋನಿನಲ್ಲಿ 30 ಸೆಕೆಂಡಿನ ಟೈಮರ್ ಒತ್ತಿ, ಪೂರ್ತಿ ಎದ್ದು ಪೂರ್ತಿ ಕೂರುವುದನ್ನು ಎಷ್ಟು ಸಲ ಮಾಡುತ್ತೀರಿ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 70ರಿಂದ 74ರ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆ, ಬೀಳುವ ಅಪಾಯ ಹೆಚ್ಚು. ಅಂಥವರು ದಿನ ಬಿಟ್ಟು ದಿನ, ಎಂಟು ಸಲದಂತೆ ಎರಡು ಸುತ್ತು ಎದ್ದು ಕೂರಲಿ. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ. ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ಹತ್ತು ಸೆಕೆಂಡು ನಿಲ್ಲುವುದು. ಉಸಿರು ಬಿಗಿ ಹಿಡಿಯಬಾರದು. ಮಾಡಿದ ದಿನ ಗೋಡೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ. ಇದಕ್ಕೆ ಅದಕ್ಕಿಂತ ಸ್ಮಾರ್ಟ್ ಉಪಕರಣ ಬೇಕಿಲ್ಲ.

ನಾಡಿ ಬಡಿತದ ವಿಚಾರದಲ್ಲಿ ಎಚ್ಚರ. ಬ್ಯಾಂಡ್ ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ರಕ್ತದ ಏರಿಳಿತದಿಂದ ಬಡಿತ ಅಂದಾಜು ಮಾಡುತ್ತದೆ. ಕೈ ತಣ್ಣಗಿದ್ದರೆ, ಪಟ್ಟಿ ಸಡಿಲ ಇದ್ದರೆ ತಪ್ಪು ತೋರಿಸುತ್ತದೆ. ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆ ತಿನ್ನುವವರಿಗಂತೂ ಆಪ್ ಹೇಳುವ ಬಡಿತದ ವಲಯಗಳು ಪ್ರಯೋಜನಕ್ಕಿಲ್ಲ. ಆ ಮಾತ್ರೆಗಳು ಬಡಿತ ಏರಲು ಬಿಡುವುದಿಲ್ಲ, ಆಪ್ ಮಾತ್ರ ಇನ್ನೂ ಜೋರು ನಡೆ ಎನ್ನುತ್ತಿರುತ್ತದೆ. ಅವರಿಗೆ ಮಾತಿನ ಪರೀಕ್ಷೆಯೇ ಗತಿ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬಿದ್ದರೆ ಹೆಚ್ಚಿನವರಿಗೆ ಅದು ಮಧ್ಯಮ ಬಿರುಸು. ಎದೆ ನೋವು, ಕಣ್ಣು ಕತ್ತಲೆ, ತಡೆಯಲಾರದ ಏದುಸಿರು ಬಂದರೆ ಬ್ಯಾಂಡ್ ಏನೇ ತೋರಿಸಲಿ, ಅಲ್ಲೇ ನಿಂತು ಆಸ್ಪತ್ರೆಗೆ ಹೊರಡಿ. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತೇನೆ ಎನ್ನುವ ವಾಚನ್ನು ನಂಬಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಬೇಡಿ. ಅಂಥ ವಾಚು, ಉಂಗುರಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ.

ಮಕ್ಕಳು ಮಾಡಬೇಕಾದ ಕೆಲಸ ಈಗ. ಫೋನಿನ ಭಾಷೆ ಕನ್ನಡಕ್ಕೆ, ಅಕ್ಷರ ದೊಡ್ಡದಕ್ಕೆ. ಬ್ಯಾಂಡಿಗೆ ಬರುವ ವಾಟ್ಸ್ಆಪ್, ಬ್ಯಾಂಕು, ಜಾಹೀರಾತು ಎಲ್ಲವನ್ನೂ ನಿಲ್ಲಿಸಿ. ಎದ್ದು ಓಡಾಡಲು ಹೇಳುವ ಎಚ್ಚರಿಕೆ ಒಂದೇ ಉಳಿಯಲಿ, ಅದೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ, ಮಧ್ಯಾಹ್ನದ ನಿದ್ದೆಯ ಹೊತ್ತು ಬಿಟ್ಟು. ವಯಸ್ಸಾದ ಚರ್ಮಕ್ಕೆ ಸಣ್ಣ ಕಂಪನ ತಿಳಿಯದೇ ಹೋಗಬಹುದು. ಆಗ ಫೋನಿನ ಅಲಾರಂಗೆ "ಅಜ್ಜಾ, ಏಳು, ಒಂದು ಸುತ್ತು ಹಾಕು" ಎಂದು ಮೊಮ್ಮಗುವಿನ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿ. ಬಚ್ಚಲಿಗೆ ಹೋಗುವಾಗ ಬ್ಯಾಂಡ್ ಬಿಚ್ಚಿ ಚಾರ್ಜಿಗೆ ಇಡುವ ರೂಢಿ ಮಾಡಿಸಿ. ನೀರು ತಾಗಿದರೂ ಹಾಳಾಗದು ಎಂದು ಬರೆದಿದ್ದರೂ ಹಂಡೆ ನೀರಿನ ಹಬೆಗೂ ಸೋಪಿಗೂ ಅದರ ಸೀಲು ತಾಳುವುದಿಲ್ಲ, ಒದ್ದೆ ಪಟ್ಟಿ ಮಳೆಗಾಲದಲ್ಲಿ ಚರ್ಮಕ್ಕೆ ತುರಿಕೆ ತರುತ್ತದೆ.

"ಹೆಜ್ಜೆ ಫೋನಿಗೆ ಬರ್ತಾ ಇಲ್ಲ" ಎಂಬ ದೂರು ಬಂದರೆ ನೆಟ್‌ವರ್ಕನ್ನು ಬೈಯಬೇಡಿ. ಹೆಜ್ಜೆ ಎಣಿಸಲು ಇಂಟರ್ನೆಟ್ ಬೇಕಿಲ್ಲ. ಬ್ಯಾಂಡ್ ಕೆಲವು ದಿನದ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು, ಬ್ಲೂಟೂತ್ ಸಿಕ್ಕಾಗ ಫೋನಿಗೆ ಕೊಡುತ್ತದೆ. ಸಾಮಾನ್ಯವಾಗಿ ತೊಂದರೆ ಮಾಡುವುದು ಫೋನಿನ ಬ್ಯಾಟರಿ ಉಳಿತಾಯದ ವ್ಯವಸ್ಥೆ, ಹಿಂದೆ ಓಡುತ್ತಿರುವ ಆಪನ್ನು ಅದು ಮುಚ್ಚಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆಪ್ ತೆರೆದು, ಬ್ಯಾಟರಿಯ ನಿರ್ಬಂಧ ತೆಗೆಯಿರಿ. ಹಾಗೇ ವಾರಕ್ಕೊಮ್ಮೆ, ಭಾನುವಾರ ಅಂತಿಟ್ಟುಕೊಳ್ಳಿ, ಫೋನ್ ಮಾಡಿದಾಗ "ಈ ವಾರ ಹೆಂಗಾಯ್ತು ಅಪ್ಪಯ್ಯ" ಎಂದು ಕೇಳಿ. ದಿನಾ ಕೇಳಿದರೆ ಅದು ತನಿಖೆ ಆಗುತ್ತದೆ.

ಮಳೆ ಬಿಟ್ಟ ಮೇಲೆ ಹೊರಗೆ ಹೊರಡುವವರಿಗೆ ಎರಡು ಮಾತು. ಡಿಸೆಂಬರಿನಿಂದ ಮೇ ತನಕ ಉಣುಗು ಹೆಚ್ಚು, ಅದರ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಕಾಲ. ದರಗು ಬಿದ್ದ ಕಾಡುದಾರಿ ಬಿಟ್ಟು ಟಾರು ರಸ್ತೆಯಲ್ಲಿ ನಡೆಯಿರಿ. ಹೋಗಲೇಬೇಕಿದ್ದರೆ ಮೈ ಮುಚ್ಚುವ ಬಟ್ಟೆ, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಇರಲಿ. ಎರಡನೆಯದು, ಬಿದ್ದರೆ ತಾನೇ ಕರೆ ಮಾಡುವ ವಾಚುಗಳ ಕುರಿತು. ಅವು ಜೋರಾದ ಬಡಿತ, ಆಮೇಲಿನ ನಿಶ್ಚಲತೆ ನೋಡಿ ಬಿದ್ದದ್ದನ್ನು ಗುರುತಿಸುತ್ತವೆ. ಮೆಲ್ಲಗೆ ಕುಸಿದು ಕೂತರೆ ಅವಕ್ಕೆ ತಿಳಿಯದೇ ಹೋಗಬಹುದು. ಕರೆ ಹೋಗಬೇಕಾದರೆ ಸಿಗ್ನಲ್ ಬೇಕು. ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ ಸಿಗುವ ಸಿಗ್ನಲ್ ಕಣಿವೆಯ ತೋಟದ ತಳದಲ್ಲಿ ಸಿಗುವುದಿಲ್ಲ. 112 ಸಂಖ್ಯೆಯನ್ನು ಫೋನಿನ ಮೊದಲ ಪರದೆಯಲ್ಲಿ ಇಡಿ. ಸಿಗ್ನಲ್ ಇಲ್ಲದ ಕಡೆ ಹೋಗುವವರು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ, ಕೊರಳಿಗೊಂದು ಸೀಟಿ ಹಾಕಿಕೊಂಡು ಹೊರಡಲಿ.