ಗಡಿಯಾರಕ್ಕೂ ಮಂಚಕ್ಕೂ ನಡುವೆ ನಿಂತ ಮುದುಕ

ಈ ಚಿತ್ರದಲ್ಲಿ ಮೊದಲು ಕೈಗಳನ್ನು ನೋಡಿ. ಮುಖ ಆಮೇಲೆ ನೋಡೋಣ.

ಎರಡೂ ಕೈ ಸುಮ್ನೆ ಜೋತುಬಿದ್ದಿವೆ. ಒಂದು ಕುಂಚವೂ ಇಲ್ಲ. ಅರವತ್ತು ವರ್ಷ ಬಣ್ಣ ಹಚ್ಚಿದ ಕೈಗಳು ಇವು. ಫೋಟೋ ತೆಗೆಯುತ್ತೇವೆ, ಅಲ್ಲೇ ನಿಂತುಕೊಳ್ಳಿ ಅಂದಾಗ ಕೈ ಎಲ್ಲಿಡಬೇಕು ಅಂತ ತಿಳಿಯದೆ ಕೆಲವರು ಪೆಚ್ಚಾಗಿ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದಾನೆ ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್, ತಾನೇ ಬರೆದುಕೊಂಡ ತನ್ನ ಚಿತ್ರದಲ್ಲಿ. ಚಿತ್ರದ ಹೆಸರು 'ಗಡಿಯಾರ ಮತ್ತು ಮಂಚದ ನಡುವೆ'. ಎಡಕ್ಕೆ ಎತ್ತರದ ಗಡಿಯಾರ, ಬಲಕ್ಕೆ ಮಂಚ. ನಡುವೆ ಇವನು.

'ದಿ ಸ್ಕ್ರೀಮ್' ಚಿತ್ರದಲ್ಲಿ ಕೆನ್ನೆಗೆ ಕೈ ಕೊಟ್ಟು ಕಿರುಚುವ ಆ ಮುಖ ಎಲ್ಲರಿಗೂ ಗೊತ್ತು. ಅದನ್ನು ಬರೆದವನೇ ಇವನು. ಈ ಚಿತ್ರ ಬರೆದದ್ದು 1940ರಿಂದ 1943ರ ನಡುವೆ. ಆಗ ನಾರ್ವೆ ಜರ್ಮನ್ನರ ಕೈಲಿತ್ತು. ಓಸ್ಲೋ ಹೊರವಲಯದ ಎಕೆಲಿ ಮನೆಯಲ್ಲಿ ಮುಂಕ್ ಒಬ್ಬನೇ ಇದ್ದ. 1944ರ ಜನವರಿಯಲ್ಲಿ, 80ನೇ ವಯಸ್ಸಿನಲ್ಲಿ ತೀರಿಕೊಂಡ.

ಇದೇ ಮನುಷ್ಯ 1895ರಲ್ಲಿ ಒಂದು ಸ್ವಚಿತ್ರ ಮಾಡಿದ್ದ. ಪೂರ್ತಿ ಕಪ್ಪು ಹಿನ್ನೆಲೆ, ಅದರಲ್ಲಿ ತೇಲುವ ಬಿಳಿ ಮುಖ, ಕೆಳಗೆ ಅಡ್ಡಲಾಗಿ ಒಂದು ಎಲುಬಿನ ಕೈ. ಆಗ ವಯಸ್ಸು 31. ಸಾವು ಇನ್ನೂ ದೂರ ಇದ್ದಾಗ ಅದರ ಜೊತೆ ಹೀಗೆ ಆಟ ಆಡಬಹುದು. ಆಟ ಅಂದೆನಲ್ಲ, ಅದು ಸ್ವಲ್ಪ ಅನ್ಯಾಯ. ಐದು ವರ್ಷಕ್ಕೇ ತಾಯಿಯನ್ನು, ಹದಿಮೂರಕ್ಕೆ ಅಕ್ಕ ಸೋಫಿಯನ್ನು ಕ್ಷಯಕ್ಕೆ ಕಳೆದುಕೊಂಡ ಹುಡುಗ ಅವನು. ಆದರೂ ಆ ಎಲುಬು ನನಗೆ ನಾಟಕದ ಸಾಮಾನಿನಂತೆಯೇ ಕಾಣುತ್ತದೆ.

ಮುದುಕನಾದ ಮೇಲೆ ಎಲುಬು ಬೇಕಾಗಲಿಲ್ಲ. ಮನೆಯಲ್ಲಿದ್ದ ಗಡಿಯಾರ, ಮಲಗುವ ಮಂಚ, ಅಷ್ಟೇ ಸಾಕಾಯಿತು. ಆ ಗಡಿಯಾರಕ್ಕೆ ಮುಳ್ಳಿಲ್ಲ, ಅಂಕಿಯೂ ಇಲ್ಲ. ನಾವು ಕನ್ನಡದಲ್ಲಿ 'ಕಾಲವಾದರು' ಅನ್ನುತ್ತೇವೆ. ಎಷ್ಟು ಸಲ ಅಂದಿದ್ದೇವೆ, ಆ ಮಾತಿನೊಳಗೆ ಏನಿದೆ ಅಂತ ಕೇಳಿಸಿಕೊಂಡಿರುವುದಿಲ್ಲ. ಈ ಖಾಲಿ ಗಡಿಯಾರ ನೋಡಿದಾಗ ನನಗೆ ಅದು ಕೇಳಿಸಿತು.

ಮಂಚದ ಹತ್ತಿರ ಒಂದು ನಗ್ನ ಹೆಣ್ಣಿನ ಚಿತ್ರವೂ ಇದೆ. ಅದನ್ನು ಬಿಟ್ಟುಬಿಡುತ್ತೇನೆ, ನನ್ನ ಕಣ್ಣು ಹೋಗುವುದು ಹೊದಿಕೆಯ ಮೇಲೆ.

ಈ ಚಿತ್ರವನ್ನು ಬರೀ ದುಃಖದ ಚಿತ್ರ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಆ ಹೊದಿಕೆ ನೋಡಿ. ಬಿಳಿಯ ಮೇಲೆ ಕೆಂಪು, ಕಪ್ಪು ಗೀರುಗಳು. ಸರಸರ ಎಳೆದದ್ದು, ಒಂದೂ ನೆಟ್ಟಗಿಲ್ಲ. ಜೋತುಬಿದ್ದ ಕೈಗಳಲ್ಲಿ ಇಲ್ಲದ ಜೀವ ಅಲ್ಲಿದೆ. ಸಾಯುವ ಮಂಚ ಅಂತ ಗೊತ್ತಿದ್ದೂ ಅದಕ್ಕೆ ಇಷ್ಟು ಹುರುಪಿನಿಂದ ಬಣ್ಣ ಹಚ್ಚಿದ್ದಾನೆ ಅಂದರೆ, ಅದನ್ನು ಬರೀ ಹೆದರಿಕೆ ಅನ್ನೋಕಾಗಲ್ಲ, ಅಲ್ವಾ? ದಶಕಗಳ ನಂತರ ಅಮೆರಿಕದ ಜಾಸ್ಪರ್ ಜಾನ್ಸ್ ಇಂಥವೇ ಗೀರುಗಳ ದೊಡ್ಡ ಚಿತ್ರಗಳನ್ನು ಮಾಡಿ, ಮುಂಕ್ ಇಟ್ಟ ಹೆಸರನ್ನೇ ಇಟ್ಟ.

ಹಿಂದೆ ಹಳದಿ ಬೆಳಕಿನ ಕೋಣೆ. ಗೋಡೆ ತುಂಬ ಅವನದೇ ಚಿತ್ರಗಳು. ತನ್ನ ಬಳಿ ಉಳಿದಿದ್ದ ಕೆಲಸವನ್ನೆಲ್ಲ ಅವನು ಓಸ್ಲೋ ನಗರಕ್ಕೆ ಬರೆದುಕೊಟ್ಟ. ಸುಮಾರು 1,100 ವರ್ಣಚಿತ್ರಗಳೇ ಇದ್ದವು. ಚಿತ್ರದಲ್ಲಿ ಅವಕ್ಕೆ ಬೆನ್ನು ಹಾಕಿ ನಮ್ಮ ಕಡೆ ತಿರುಗಿದ್ದಾನೆ.

ಮಂಚ ಕೈಗೆಟುಕುವಷ್ಟು ಹತ್ತಿರ ಇದೆ. ಸುಸ್ತಾಗಿದ್ದರೆ ಕೂತುಬಿಡಬಹುದಿತ್ತು. ಕೂತಿಲ್ಲ.